ಹಂಚಿನಮನಿಯವರು ಓಡಿದ್ದು

ವಿರುಪಾಕ್ಷ ಹಂಚಿನಮನಿಯವರು ಬಸ್ಸಿಗಾಗಿ ಕೂಡ ಓಡಿದವರಲ್ಲ. ಧಾರವಾಡದಲ್ಲಿ ಕಾಲೇಜು ಓದುವಾಗ ಬಸ್ಸು ಕಣ್ಣೆದುರೇ ಹೊರಟುಬಿಟ್ಟರೆ, "ಹೋಗ್ಲಿ ಬಿಡು, ಅದಕ್ಕೇನೋ ಅವಸರ ಇರಬೇಕು" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಸಿಡ್ನಿಗೆ ಬಂದು, ನೀರಿನ ಕೊಳವೆಗಳ ಎಂಜಿನಿಯರಾಗಿ, ಎಪ್ಪಿಂಗ್‌ನಲ್ಲಿ ಅಪಾರ್ಟ್‌ಮೆಂಟ್ ಕೊಂಡು, ತಲೆಯ ಮುಂಭಾಗದ ಕೂದಲನ್ನೆಲ್ಲ ಈ ದೇಶಕ್ಕೆ ಅರ್ಪಿಸಿದ ಮೇಲೂ ಆ ಸ್ವಭಾವ ಹೋಗಲಿಲ್ಲ. ಮೆಟ್ರೊ ಬಂದ ಸದ್ದಿಗೆ ಜನ ಎಸ್ಕಲೇಟರ್ ಮೇಲೆ ದಡಬಡ ಇಳಿಯುವಾಗ ಅವರು ಒಂದು ಪಕ್ಕಕ್ಕೆ ಸರಿದು, ಮದುವೆ ಮನೆಯಲ್ಲಿ ಅತಿಥಿಗಳಿಗೆ ದಾರಿ ಬಿಡುವವರ ಹಾಗೆ ಕೈ ಚಾಚುತ್ತಿದ್ದರು.

ಇಂಥವರು ಮೆಲ್ಬರ್ನ್‌ಗೆ ಹೋಗಿ ಸೌತ್ ಆಫ್ರಿಕಾದವರ ಎದುರು ಫುಟ್‌ಬಾಲ್ ಆಡಿದರು ಎಂದರೆ ನೀವು ನಂಬುವುದಿಲ್ಲ. ನಂಬಬೇಕಾದ ಕಾರಣವೂ ಇಲ್ಲ. ಆದರೆ ಆಡಿದ್ದು ನಿಜ.

ಎಲ್ಲ ಶುರುವಾದದ್ದು ಸಕ್ಕರೆಯಿಂದ. ಪೆಂಡಲ್ ಹಿಲ್‌ನ ಅಂಗಡಿ ಸಾಲಿನಲ್ಲಿ ಶನಿವಾರ ಸಂಜೆ ಬಿಸಿ ಜಿಲೇಬಿ ಹಾಕುತ್ತಾರೆ. ಹಂಚಿನಮನಿಯವರು ತರಕಾರಿ ತರಲು ಅಲ್ಲಿಗೆ ಹೋಗುತ್ತಿದ್ದರು. ತರಕಾರಿ ಮನೆಗೆ ಬರುತ್ತಿತ್ತು, ಜಿಲೇಬಿ ಮನೆಯವರೆಗೆ ಬರುತ್ತಿರಲಿಲ್ಲ. ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರ್ ಅಪರ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಪರ್ಣ ಮೈಸೂರಿನವರು, ಮಾತು ಮೃದು.

"ಅಂಕಲ್, ಮಾತ್ರೆ ಬರ್ಕೊಡ್ತೀನಿ. ಆದ್ರೆ ದಿನಾ ವಾಕಿಂಗ್ ಮಾಡ್ಲೇಬೇಕು. ಇಲ್ಲಾಂದ್ರೆ ನಂಗೆ ಬೇಜಾರಾಗುತ್ತೆ."

ಡಾಕ್ಟರು ಇವರಿಗಿಂತ ಐದಾರು ವರ್ಷವಷ್ಟೇ ಚಿಕ್ಕವರು. ಸಕ್ಕರೆಗಿಂತ ಆ 'ಅಂಕಲ್' ಹೆಚ್ಚು ಚುಚ್ಚಿತು. ಮರುದಿನವೇ ಹಂಚಿನಮನಿಯವರು ಪಾರ್ಕಿಗೆ ಹೋದರು. ಅಲ್ಲೊಂದು ಫಲಕ: ವಾಕಿಂಗ್ ಫುಟ್‌ಬಾಲ್, ಐವತ್ತು ದಾಟಿದವರಿಗೆ ಸ್ವಾಗತ, ಆಟದ ನಂತರ ಚಹಾ. ಅವರು ಮೊದಲಿನ ಒಂದು ಪದವನ್ನೂ ಕೊನೆಯ ಒಂದು ಪದವನ್ನೂ ಓದಿ, ಇದು ಗುಂಪಾಗಿ ನಡೆದು ಚಹಾ ಕುಡಿಯುವ ಸಂಘ ಎಂದುಕೊಂಡು ಒಳಗೆ ಹೋದರು. ಗ್ರಹಾಂ ಎಂಬ ನಿವೃತ್ತ ಪ್ಲಂಬರು ಬಂದು ಅವರ ಕೊರಳಿಗೆ ಹಳದಿ ಬನಿಯನ್ನು ತುರುಕಿ, ಮೈದಾನದ ನಡುವೆ ನಿಲ್ಲಿಸಿದರು.

"ನಿಯಮ ಒಂದೇ," ಎಂದರು ಗ್ರಹಾಂ. "ಓಡಬಾರದು. ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು. ಓಡಿದರೆ ಫೌಲ್. ಜಾಸ್ತಿ ಓಡಿದರೆ ರೆಫ್ರಿ ನೀಲಿ ಕಾರ್ಡ್ ತೋರಿಸಿ ಹೊರಗೆ ಕೂಡಿಸ್ತಾರೆ."

ಜಗತ್ತಿನಲ್ಲಿ ಯಾರೋ ಪುಣ್ಯಾತ್ಮರು ತಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಒಂದು ಆಟ ಕಂಡುಹಿಡಿದಿದ್ದಾರೆ ಎಂದು ಹಂಚಿನಮನಿಯವರಿಗೆ ಆಗ ತಿಳಿಯಿತು.

ಉಳಿದ ಮುದುಕರೆಲ್ಲ ಹರೆಯದಲ್ಲಿ ನಿಜವಾದ ಫುಟ್‌ಬಾಲ್ ಆಡಿದವರು. ಚೆಂಡು ಕಂಡರೆ ಅವರ ಕಾಲು ತಡೆಯದು. ಎರಡು ಹೆಜ್ಜೆ ಓಡುವರು, ಸೀಟಿ ಊದುವುದು, ನಾಲಿಗೆ ಕಚ್ಚಿಕೊಳ್ಳುವರು. ಹಂಚಿನಮನಿಯವರಿಗೆ ಈ ಸಂಕಟವಿಲ್ಲ. ನಿಲ್ಲಿಸಿದಲ್ಲಿ ನಿಲ್ಲುವರು. ಅಗಲವಾದ ದೇಹ, ಚೆಂಡು ಬಂದು ತಾನಾಗಿಯೇ ಬಡಿದು ಹಿಂದಕ್ಕೆ ಹೋಗುವುದು. ಕೆಲವೇ ವಾರಗಳಲ್ಲಿ ಅವರು ತಂಡದ ಅಮೂಲ್ಯ ರಕ್ಷಕರಾದರು. 'ವಿರುಪಾಕ್ಷ' ಎನ್ನಲು ಗ್ರಹಾಂ ಮೂರು ಸಲ ಪ್ರಯತ್ನಿಸಿ, ನಾಲ್ಕನೆಯ ಸಲಕ್ಕೆ "ಪ್ಯಾಕ್ಸ್" ಎಂದು ತೀರ್ಮಾನಿಸಿದರು.

ಹೀಗಿರುವಾಗ ಮೆಲ್ಬರ್ನ್‌ನಲ್ಲಿ ಐವತ್ತು ದಾಟಿದವರ ಟೂರ್ನಮೆಂಟ್ ನಿಕ್ಕಿಯಾಯಿತು. ಸಿಡ್ನಿಯಿಂದ ಇವರ ತಂಡ, ಮೆಲ್ಬರ್ನ್‌ನವೇ ಎರಡು, ಮತ್ತು ಪ್ರವಾಸಕ್ಕೆಂದು ಬಂದ ಸೌತ್ ಆಫ್ರಿಕಾದ ಡರ್ಬನ್ ನಗರದ ಒಂದು ತಂಡ. ಮೊದಲ ಪಂದ್ಯವೇ ಡರ್ಬನ್‌ನವರ ಮೇಲೆ.

ಇಲ್ಲಿ ಅವರ ಅತ್ತೆ ಬಸಕ್ಕನ ವಿಷಯ ಹೇಳಬೇಕು. ಬಸಕ್ಕ ಹುಬ್ಬಳ್ಳಿಯವರು. ಆಗ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ ಮಗ ಕಿರಣಕುಮಾರನ ಮನೆಗೆ ಬಂದಿದ್ದರು. ಅಳಿಯನ ಬಗ್ಗೆ ಅವರಿಗೆ ದ್ವೇಷವೇನೂ ಇರಲಿಲ್ಲ. "ಭಾಳ ಛಲೋ ಮನಶ್ಯಾರು. ಆದ್ರ ಕುಂತ್ರ ಏಳಂಗಿಲ್ಲ" ಎಂಬುದಷ್ಟೇ ಅವರ ಅಭಿಪ್ರಾಯ. ಅಕ್ಕನ ಗಂಡನನ್ನು 'ಮಾವಾರ' ಎನ್ನುವ ಮಗ ಕಿರಣಕುಮಾರನಾದರೋ ಹಾಫ್ ಮ್ಯಾರಥಾನ್ ಓಡುವವನು. ಮೆಡಲುಗಳನ್ನು ಬಾಗಿಲ ಬಳಿಯೇ ತೂಗುಹಾಕಿದ್ದ, ಬಂದವರು ಶೂ ಬಿಚ್ಚಲು ಬಗ್ಗಿ ಎದ್ದರೆ ತಲೆಗೆ ತಾಗುವ ಹಾಗೆ.

ಭಾನುವಾರದ ವಿಡಿಯೊ ಕಾಲ್‌ನಲ್ಲಿ ಎಂದಿನಂತೆ ಬಸಕ್ಕನ ಅರ್ಧ ಹಣೆ ಮತ್ತು ಪೂರ್ತಿ ಫ್ಯಾನು ಕಾಣುತ್ತಿತ್ತು.

"ಅಳಿಯಾರ, ಆರಾಮ ಅದೀರಿ?"

"ಆರಾಮರಿ ಅತ್ತಿ. ಮುಂದಿನ ವಾರ ಮೆಲ್ಬರ್ನ್‌ಗೆ ಬರಾಕತ್ತೀನ್ರಿ. ಫುಟ್‌ಬಾಲ್ ಟೂರ್ನಮೆಂಟ್ ಐತಿ."

"ನೋಡಾಕೇನ್ರಿ?"

ಆ ಪ್ರಶ್ನೆಯಲ್ಲಿ ಒಂದು ಸಣ್ಣ ನಗು ಇತ್ತು. ಹಂಚಿನಮನಿಯವರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಆಡಾಕ್ರಿ. ಸೌತ್ ಆಫ್ರಿಕಾದವರ ಜೋಡಿ ಮ್ಯಾಚ್."

'ವಾಕಿಂಗ್' ಎಂಬ ಪದ ಆಗ ನಾಲಿಗೆಯ ತುದಿಯಲ್ಲೇ ಇತ್ತು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಆದರೆ ಪರದೆಯ ಮೇಲೆ ಹಣೆ ಮಾಯವಾಗಿ ಫ್ಯಾನು ಗಿರ್ರನೆ ತಿರುಗಿತು. "ಕಿರಣಾ! ಏ ಕಿರಣಾ! ನಿಮ್ಮ ಮಾವ ಏನಂತಾರ ಕೇಳಿಲ್ಲಿ!" ಎಂಬ ಕೂಗಿನೊಂದಿಗೆ ಕರೆ ಕಡಿದುಹೋಯಿತು.

ಕಿರಣಕುಮಾರ ಅಲ್ಲಿನ ಕನ್ನಡ ಬಳಗದ ಕಾರ್ಯದರ್ಶಿ. ಸಿಡ್ನಿಯಿಂದ ಬರುವ ತಂಡದಲ್ಲಿ ತನ್ನ ಮಾವ ಆಡುತ್ತಾರೆ ಎಂದು ಅವನು ಬಳಗದ ವಾಟ್ಸ್ಆ್ಯಪ್‌ಗೆ ಹಾಕಿದ. ಎದುರಾಳಿ ಸೌತ್ ಆಫ್ರಿಕಾ ಎಂದಮೇಲೆ ಇವರು ಆಸ್ಟ್ರೇಲಿಯಾವೇ ಆಗಿರಬೇಕು ಎಂದು ಮುಂದಿನವರು ತಿದ್ದಿದರು. ಸುದ್ದಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಹಂಚಿನಮನಿಯವರು ಕ್ಯಾಪ್ಟನ್ ಆಗಿದ್ದರು.

ಗುರುವಾರ ತಂಡ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಮಂಡಿಗೆ ಪಟ್ಟಿ ಕಟ್ಟಿಕೊಂಡ ಆರೇಳು ಹಿರಿಯರು ಬ್ಯಾಗು ಎಳೆದುಕೊಂಡು ಹೊರಬರುತ್ತಲೇ ಡೊಳ್ಳಿನ ಸದ್ದು ಕೇಳಿತು. ಕೆಂಪು ಹಳದಿ ಶಾಲು ಹೊದ್ದ ಒಂದು ಗುಂಪು. 'ನಮ್ಮ ಹೆಮ್ಮೆ' ಎಂಬ ಬ್ಯಾನರು, ಅದರ ಮೇಲೆ ಹಂಚಿನಮನಿಯವರ ಮದುವೆಯ ಫೋಟೊದಿಂದ ಕತ್ತರಿಸಿದ ಮುಖ. ಬಾಸಿಂಗದ ಒಂದು ತುದಿ ಇನ್ನೂ ಉಳಿದಿತ್ತು. ಕಿರಣಕುಮಾರ ಹಾರ ಹಾಕಿದ. ಬಳಗದ ಅಧ್ಯಕ್ಷ ರಾಮಮೂರ್ತಿಯವರು ಮೈಸೂರು ಪೇಟ ತೊಡಿಸಿದರು. ಪೇಟ ಕಣ್ಣಿನ ತನಕ ಇಳಿಯಿತು.

"ಕಿರಣ, ಇದೆಲ್ಲಾ ಯಾಕೋ? ಇದು ಸಣ್ಣ ಆಟ ಐತಿ," ಎಂದರು ಪೇಟದ ಒಳಗಿನಿಂದ ಹಂಚಿನಮನಿಯವರು.

"ನೋಡ್ರಿ, ದೊಡ್ಡವರ ಮಾತು ಹಿಂಗ ಇರ್ತಾವು!" ಎಂದು ಕಿರಣಕುಮಾರ ಎಲ್ಲರಿಗೂ ಹೇಳಿದ.

ಇತ್ತ ಗ್ರಹಾಂ ಬಾಯಿ ತೆರೆದು ನಿಂತಿದ್ದರು. ಪ್ಯಾಕ್ಸ್ ಕೊಳವೆ ಎಂಜಿನಿಯರ್ ಎಂದು ತಿಳಿದಿದ್ದೆವಲ್ಲ, ಇವನು ತನ್ನ ದೇಶದಲ್ಲಿ ಸಣ್ಣ ಪುಟ್ಟ ರಾಜನೇ ಇರಬೇಕು ಎಂದು ತಂಡದವರು ಪಿಸುಗುಟ್ಟಿದರು. ಅವತ್ತಿನಿಂದ ಅವರ ಬ್ಯಾಗನ್ನು ಅವರಿಗೆ ಎತ್ತಲು ಬಿಡಲಿಲ್ಲ.

ತಂಡ ಮೋಟೆಲ್‌ಗೆ ಹೋಯಿತು. ಹಂಚಿನಮನಿಯವರನ್ನು ಕ್ರಾನ್‌ಬರ್ನ್‌ಗೆ ಕರೆದೊಯ್ಯಲಾಯಿತು. ಮನೆ ತಲುಪಿದ ಮೇಲೆ ಅವರಿಗೆ ಗೊತ್ತಾದದ್ದು, ಅವರ ಆಹಾರವನ್ನು ಕಿರಣಕುಮಾರ ಇಂಟರ್ನೆಟ್ ನೋಡಿ ನಿರ್ಧರಿಸಿದ್ದಾನೆ ಎಂಬುದು. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಕಿರಣನ ಹೆಂಡತಿ ನೀಲಾಂಬಿಕಾ ತಂದಿಟ್ಟದ್ದು ಮೊಳಕೆ ಹೆಸರುಕಾಳಿನ ಬಟ್ಟಲು.

"ಹೋಳಗಿ ಮ್ಯಾಚ್ ಆದಮ್ಯಾಲೆ, ಅಣ್ಣಾರ," ಎಂದಳು ಅವಳು ನಾಚುತ್ತ. "ಇವರು ಬ್ಯಾಡಂದಾರ."

ಶುಕ್ರವಾರ ಬೆಳಗಾಗುವ ಮೊದಲೇ ಕಿರಣಕುಮಾರ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಮಾವಾರ, ಬರ್ರಿ, ಸ್ವಲ್ಪ ಓಡಿ ಬರೋಣ."

"ಇಲ್ಲೋ. ನಮ್ಮ ಗ್ರಹಾಂ ಓಡಬ್ಯಾಡ ಅಂದಾರ."

ಕಿರಣಕುಮಾರ ಮೆಚ್ಚುಗೆಯಿಂದ ತಲೆದೂಗಿದ. "ಮ್ಯಾಚಿನ ಹಿಂದಿನ ದಿನ ಕಾಲಿಗೆ ರೆಸ್ಟ್! ಪ್ರೊಫೆಷನಲ್ ಅಂದ್ರ ಪ್ರೊಫೆಷನಲ್!"

"ಹಂಗಲ್ಲೋ. ನಾವು ಮ್ಯಾಚ್‌ನಾಗೂ ಓಡಂಗಿಲ್ಲ."

"ಚೆಂಡಿಗೆ ಓಡಾಕ ಹಚ್ಚೋದು, ತಾವು ಓಡೋದಲ್ಲ! ಗೊತ್ತೈತ್ರಿ ಮಾವಾರ, ನಾನೂ ವಿಡಿಯೊ ನೋಡೀನಿ."

ಬೇಲಿಯಾಚೆಯ ಪಂಜಾಬಿ ನೆರೆಯವರು ಹೂವಿನ ಗಿಡಕ್ಕೆ ನೀರು ಬಿಡುವುದನ್ನು ನಿಲ್ಲಿಸಿ ಕೈ ಮುಗಿದರು. "ಭಾಯಿಸಾಬ್, ಕೌನ್ ಸೀ ಪೊಸಿಷನ್?" ಆಡುವುದು ಯಾವ ಜಾಗದಲ್ಲಿ ಎಂದು.

ಹಂಚಿನಮನಿಯವರು ತಮಗೆ ಬರುವ ಹಿಂದಿಯಲ್ಲಿ ಪೂರ್ಣ ಸತ್ಯ ಹೇಳಿದರು. "ಬಸ್, ಖಡಾ ರಹತಾ ಹೂಂ."

ನಿಂತಿರುತ್ತೇನೆ, ಅಷ್ಟೇ. ನೆರೆಯವರ ಕಣ್ಣು ಅರಳಿತು. "ಡಿಫೆಂಡರ್! ಪಹಾಡ್ ಕೀ ತರಹ!" ಎಂದು, ಬೆಟ್ಟದ ಹಾಗೆ ನಿಲ್ಲುವವರೆಂದು ಹೊಗಳಿ, ಒಳಗೆ ಓಡಿಹೋಗಿ ಹೆಂಡತಿಯನ್ನೂ ಕರೆತಂದು ಫೋಟೊ ತೆಗೆಸಿಕೊಂಡರು. ಕೊಳವೆಯ ನೀರು ದಾರಿಗೆ ಹರಿಯುತ್ತಲೇ ಇತ್ತು.

ಆಟಗಾರನ ಮನಸ್ಸು ಹಗುರವಾಗಿರಬೇಕೆಂದು ಅಂದು ಊರು ತೋರಿಸುವ ಕಾರ್ಯಕ್ರಮ. ಕ್ರಾನ್‌ಬರ್ನ್‌ನ ಸಸ್ಯೋದ್ಯಾನದಲ್ಲಿ ಕೆಂಪು ಮಣ್ಣು ನೋಡಿದ ಬಸಕ್ಕ, "ಇಷ್ಟು ಛಲೋ ಹೊಲಾ, ಏನೂ ಬಿತ್ತಿಲ್ಲಲ್ಲ" ಎಂದು ಮರುಗಿದರು. ಅಲ್ಲಿಂದ ಫಿಲಿಪ್ ದ್ವೀಪಕ್ಕೆ. ಸಂಜೆ ಸಮುದ್ರದಿಂದ ಪುಟ್ಟ ಪೆಂಗ್ವಿನ್‌ಗಳು ಗುಂಪಾಗಿ ಮೇಲೆ ಬಂದವು. ಒಂದೊಂದೇ ಹೆಜ್ಜೆ, ಅತ್ತಿತ್ತ ವಾಲುತ್ತ, ಯಾರಿಗೂ ಅವಸರವಿಲ್ಲ. ಹಂಚಿನಮನಿಯವರಿಗೆ ತಮ್ಮ ತಂಡವನ್ನೇ ಕಂಡಂತಾಯಿತು. ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು ಎಂದು ಕಿರಣನ ತೋಳು ಹಿಡಿದರು.

"ಕಿರಣ, ನೋಡು. ನಮ್ಮ ಆಟ ಅಗದೀ ಹಿಂಗ ಇರ್ತೈತಿ."

ಕಿರಣಕುಮಾರ ಬಹಳ ಹೊತ್ತು ಪೆಂಗ್ವಿನ್‌ಗಳನ್ನು ದಿಟ್ಟಿಸಿದ. "ಫಾರ್ಮೇಷನ್!" ಎಂದ ಕೊನೆಗೆ, ಉಸಿರು ಬಿಗಿಹಿಡಿದು. "ಯಾರೂ ಲೈನ್ ಬಿಡವಲ್ರು!"

ಸನ್ಮಾನ ಸಮಾರಂಭವನ್ನು ಪಂದ್ಯಕ್ಕೆ ಮೊದಲೇ ಮುಗಿಸಬೇಕೆಂದು ಬಳಗ ನಿರ್ಣಯಿಸಿತ್ತು. ಗೆದ್ದ ಮೇಲೆ ಟಿವಿಯವರು ಬಿಡುವುದಿಲ್ಲ ಎಂಬ ಮುಂದಾಲೋಚನೆ. ಹಾಗಾಗಿ ದ್ವೀಪದಿಂದ ನೇರವಾಗಿ ಸಭಾಭವನಕ್ಕೆ ಹೋದರು. ರಾಮಮೂರ್ತಿಯವರು ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮೈಕು ಅವರ ಕೈಗೆ ಬಂದರೆ ಮರಳಿ ಹೋಗುವುದು ಕಷ್ಟ.

"ಫುಟ್‌ಬಾಲ್ ಅಂದ್ರೇನು? ಒಂದು ಗೋಳ. ನಾವಿರೋ ಭೂಮಿ ಏನು? ಅದೂ ಒಂದು ಗೋಳ. ಅಂದ್ಮೇಲೆ ವಿರುಪಾಕ್ಷ ಅವರು ಒದೆಯೋದು ಏನನ್ನ? ಸ್ವಲ್ಪ ಯೋಚ್ನೆ ಮಾಡಿ!"

ಜನ ಯೋಚನೆ ಮಾಡಿದರು. ಚಪ್ಪಾಳೆ ತಟ್ಟಿದರು. ಮೈಕು ಹಂಚಿನಮನಿಯವರ ಕೈಗೆ ಬಂತು. ಇವತ್ತು ಹೇಳಿಯೇ ತೀರುತ್ತೇನೆ ಎಂದು ಅವರು ಗಂಟಲು ಸರಿಮಾಡಿಕೊಂಡರು.

"ಎಲ್ಲಾರಿಗೂ ನಮಸ್ಕಾರ್ರಿ. ನೀವು ನನ್ನ ತಪ್ಪು ತಿಳ್ಕೊಂಡೀರಿ. ನಾ ಅಂಥಾ ದೊಡ್ಡ ಆಟಗಾರ ಅಲ್ಲ."

ವಿನಯಕ್ಕೆ ಚಪ್ಪಾಳೆ.

"ಅಲ್ರಿ, ಖರೇನ ಹೇಳಾಕತ್ತೀನಿ. ಸೌತ್ ಆಫ್ರಿಕಾದವ್ರು ಬರ್ಲಿ, ಯಾರರ ಬರ್ಲಿ, ನಾವು ಓಡಂಗಿಲ್ಲ!"

ಇಡೀ ಭವನ ಎದ್ದು ನಿಂತಿತು. ಹಿಂದಿನ ಸಾಲಿನಿಂದ ಸಿಳ್ಳೆ ಬಂತು.

"ಓಡೋ ಮಂದಿ ಬ್ಯಾರೆರಿ!" ಎಂದು ಹಂಚಿನಮನಿಯವರು ಗದ್ದಲ ಮೀರಿ ಕೂಗಿದರು. "ನಾವು ನಡ್ಯೋರು!"

"ಓಡೋರಲ್ಲ, ನಡೆಯೋರು! ಎಂಥಾ ಮಾತು ಸಾರ್, ಎಂಥಾ ಮಾತು!" ಎಂದು ರಾಮಮೂರ್ತಿಯವರು ಅವರನ್ನು ತಬ್ಬಿಕೊಂಡರು. ಮುಂದಿನ ಸಾಲಿನಲ್ಲಿ ಬಸಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಹಂಚಿನಮನಿಯವರು ಕಾರ್ ಪಾರ್ಕಿಗೆ ಹೋಗಿ ಸಿಡ್ನಿಗೆ, ಹೆಂಡತಿ ಮಹಾಶ್ವೇತಾಗೆ ಫೋನ್ ಮಾಡಿದರು. ಕೆಲಸವಿದ್ದುದರಿಂದ ಆಕೆ ಶನಿವಾರ ಮುಂಜಾನೆಯ ವಿಮಾನಕ್ಕೆ ಬರುವವರಿದ್ದರು.

"ನೀನರ ನಿಮ್ಮವ್ವಗ ಹೇಳ. ನಾ ಎಷ್ಟು ಹೇಳಿದ್ರೂ ಯಾರೂ ಕೇಳವಲ್ರು."

"ಅವ್ವ ಫೋನ್ ಮಾಡಿದ್ಲು. 'ನಿನ್ನ ಗಂಡ ಗಟ್ಟಿ ಮನಶ್ಯಾರು' ಅಂದ್ಲು. ಲಗ್ನ ಆದಾಗಿಂದ ಆಕಿ ಬಾಯಾಗ ಇಂಥಾ ಮಾತು ನಾ ಕೇಳಿಲ್ಲ. ಇನ್ನೊಂದು ದಿನ ಸುಮ್ಮಕಿರ್ರಿ. ನಾನೂ ಬಂದು ಕಿವಿಲೆ ಕೇಳ್ತೀನಿ."

ಹಂಚಿನಮನಿಯವರು ಒಳಗೆ ಹೋಗಿ ಮೊಳಕೆಕಾಳು ತಿಂದರು.

ಶನಿವಾರ ಬಳಗದವರು ಬಸ್ಸು ಮಾಡಿಕೊಂಡು ಪಂದ್ಯವಿದ್ದ ಡ್ಯಾಂಡಿನಾಂಗ್‌ಗೆ ಬಂದಿಳಿದರು. ಎದುರಿಗೆ ಕೌನ್ಸಿಲ್ಲಿನ ಒಂದು ಹುಲ್ಲು ಮೈದಾನ, ಒಂದು ಬಾರ್ಬೆಕ್ಯೂ, ಎರಡು ಬೆಂಚು.

"ಸ್ಟೇಡಿಯಂ ಎಲ್ಲೈತಿ?" ಎಂದರು ಬಸಕ್ಕ.

"ಇದು ವಾರ್ಮ್‌ಅಪ್ ಮಾಡೋ ಜಾಗ ಇರಬೇಕವ್ವಾ," ಎಂದ ಕಿರಣಕುಮಾರ, ಸ್ವಲ್ಪ ದನಿ ತಗ್ಗಿಸಿ.

ಮೈದಾನದಲ್ಲಿ ಬಿಳಿಗೂದಲಿನ ಹಿರಿಯರು ಒಬ್ಬರ ಮಂಡಿಗೆ ಇನ್ನೊಬ್ಬರು ನೋವಿನ ಎಣ್ಣೆ ಹಚ್ಚುತ್ತಿದ್ದರು. "ಹಳೇ ಆಟಗಾರರು. ಉದ್ಘಾಟನೆಗೆ ಕರ್ಸಿರ್ತಾರೆ, ಒಳ್ಳೇ ಸಂಪ್ರದಾಯ," ಎಂದರು ರಾಮಮೂರ್ತಿಯವರು. ಆ ಹಳೆಯ ಆಟಗಾರರ ನಡುವಿನಿಂದ ಚಡ್ಡಿ ತೊಟ್ಟ ಹಂಚಿನಮನಿಯವರು ಹೊರಬಂದಾಗ ಮಾತ್ರ ಅವರು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದರು. ಅವರ ತೋಳಿಗೆ ಪಟ್ಟಿ ಕಟ್ಟಿತ್ತು. "ನಿನ್ನ ಜನ ಬಸ್ಸು ತುಂಬ ಬಂದಿದ್ದಾರೆ ಪ್ಯಾಕ್ಸ್, ಇವತ್ತು ಕ್ಯಾಪ್ಟನ್ ನೀನೇ" ಎಂದು ಗ್ರಹಾಂ ಆಗಷ್ಟೇ ಕಟ್ಟಿದ್ದರು. ಹುಬ್ಬಳ್ಳಿಯವರು ಹೇಳಿದ್ದು ಒಂದಾದರೂ ನಿಜವಾಯಿತು.

ಡರ್ಬನ್ ತಂಡದ ನಾಯಕ ಗೋವೆಂಡರ್ ಎಂಬ ನಿವೃತ್ತ ಹೆಡ್‌ಮಾಸ್ತರರು. ಅವರ ಮುತ್ತಜ್ಜ ತಮಿಳುನಾಡಿನಿಂದ ಕಬ್ಬಿನ ತೋಟಕ್ಕೆಂದು ಹೋದವರು. ದಪ್ಪ ಬಿಳಿ ಮೀಸೆ. ಅವರ ಹೆಂಡತಿ ಉದ್ದನೆಯ ಪ್ಲಾಸ್ಟಿಕ್ ತುತ್ತೂರಿ ತಂದಿದ್ದರು. ಅದನ್ನು ಊದಿದರು, ಪಂದ್ಯ ಶುರುವಾಯಿತು.

ಚೆಂಡು ಉರುಳಿತು. ಅದರ ಹಿಂದೆ ಹಿರಿಯರು ನಡೆದರು. ಸಂತೆಯಿಂದ ಮನೆಗೆ ಹೋಗುವ ವೇಗ.

"ಯಾಕ್ರಿ, ಎಲ್ಲಾರೂ ಮೆಲ್ಲಕ ನಡ್ಯಾಕತ್ತಾರ?" ಎಂದು ಬಸಕ್ಕ ಕೇಳಿದರು. ಅಷ್ಟರಲ್ಲಿ ಬಂದು ಪಕ್ಕದಲ್ಲಿ ಕೂತಿದ್ದ ಮಹಾಶ್ವೇತಾ ನೀರಿನ ಬಾಟಲಿಯನ್ನು ಬಾಯಿಗಿಟ್ಟುಕೊಂಡು ಆಕಾಶ ನೋಡಿದರು.

"ಪ್ಲ್ಯಾನ್," ಎಂದ ಕಿರಣಕುಮಾರ. ಅವನ ದನಿಯಲ್ಲಿ ಈಗ ಪ್ರಾರ್ಥನೆ ಇತ್ತು. "ಅವರು ದಣೀಲಿ ಅಂತ ಕಾಯಾಕತ್ತಾರ."

ಬಳಗದವರು ಪ್ಲ್ಯಾನನ್ನು ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ ಒಬ್ಬರು ಮೆಲ್ಲಗೆ "ಓಡಿ ಸಾರ್" ಎಂದರು. ಇನ್ನೊಬ್ಬರು ಸ್ವಲ್ಪ ಜೋರಾಗಿ. ಡೊಳ್ಳು ಸೇರಿಕೊಂಡಿತು. "ಓಡಿ! ಓಡಿ!" ಮೈದಾನದ ನ್ಯಾಯಕ್ಕೆಲ್ಲ ವಿರುದ್ಧವಾದ ಈ ಘೋಷ ಹಂಚಿನಮನಿಯವರ ಕಿವಿಗೆ ಬೀಳುತ್ತಿತ್ತು, ಅವರು ಕಲ್ಲಿನಂತೆ ನಿಂತು, ಬಂದ ಚೆಂಡನ್ನೆಲ್ಲ ಹೊಟ್ಟೆಯಿಂದ ತಡೆದರು. ಎರಡೂ ಕಡೆ ಗೋಲಿಲ್ಲ. ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿತ್ತು.

ಆಗ ಚೆಂಡು ಗೋವೆಂಡರ್ ಅವರ ಮಂಡಿಪಟ್ಟಿಗೆ ಬಡಿದು, ಪುಟಿದು, ಹಂಚಿನಮನಿಯವರ ಕಾಲ ಬಳಿ ಬಂದು ನಿಂತಿತು. ಡರ್ಬನ್‌ನವರೆಲ್ಲ ಈ ಕಡೆಯ ಅರ್ಧದಲ್ಲಿ. ಎದುರಿಗೆ ಖಾಲಿ ಹುಲ್ಲು. ಗೋಲ್‌ಕೀಪರ್ ಬಾಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದರು, ಬಾಗಿದವರು ಏಳಲು ಹೊತ್ತು ಹಿಡಿಯುವ ವಯಸ್ಸು.

ಬಸಕ್ಕ ಕುರ್ಚಿಯಿಂದ ಎದ್ದರು. ಸೆರಗು ಜಾರಿತು. ಹುಬ್ಬಳ್ಳಿಯ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂಥ ದನಿ ಬಂತು.

"ಏ ವಿರುಪಾಕ್ಷಾ! ಓಡೋ! ಓಡೋ ವಿರುಪಾಕ್ಷಾ!"

ಹಂಚಿನಮನಿಯವರು ಓಡಿದರು.

ಅದೊಂದು ದೃಶ್ಯ. ಅವರ ದೇಹದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಹೊತ್ತಿಗೆ ಹೊರಟವು, ಆದರೂ ದಾರಿಯಲ್ಲಿ ಕೂಡಿಕೊಂಡವು. ಚೆಂಡು ಮುಂದೆ, ಹೊಟ್ಟೆ ಅದರ ಹಿಂದೆ, ಮುಖದ ಮೇಲೆ ಶಾಲೆ ಬಿಟ್ಟ ಮಗುವಿನ ನಗು. ಎಲ್ಲೋ ಸೀಟಿ ಊದಿತು. ಮತ್ತೊಮ್ಮೆ ಊದಿತು. ಗ್ರಹಾಂ ತಲೆಯ ಮೇಲೆ ಕೈ ಹೊತ್ತು "ಪ್ಯಾಕ್ಸ್! ನೋ!" ಎಂದು ಕಿರುಚಿದರು. ಡೊಳ್ಳಿನಲ್ಲಿ ಅದಾವುದೂ ಕೇಳಿಸಲಿಲ್ಲ. ಕೊನೆಗೆ ಕಾಲು ಬೀಸಿ ಒದ್ದರು. ಚೆಂಡು ಬಲೆಯಲ್ಲಿ ಬಿತ್ತು, ಹಿಂದೆಯೇ ಹಂಚಿನಮನಿಯವರೂ ಬಿದ್ದರು.

ಬಳಗ ಮೈದಾನಕ್ಕೆ ನುಗ್ಗಿತು. ಅವರನ್ನು ಎತ್ತಲು ನೋಡಿ, ಆಗದೆ, ಸುತ್ತ ಕುಣಿದರು. ಕುಣಿತದ ನಡುವೆ ದಾರಿ ಮಾಡಿಕೊಂಡು ಬಂದ ರೆಫ್ರಿ ಹಂಚಿನಮನಿಯವರ ಮೂಗಿನ ಮುಂದೆ ನೀಲಿ ಕಾರ್ಡ್ ಹಿಡಿದರು. ಅದು ಬಹುಮಾನವೆಂದು ತಿಳಿದು ಕಿರಣಕುಮಾರ ಫೋಟೊ ತೆಗೆದ. ರೆಫ್ರಿ ಎಲ್ಲರನ್ನೂ ಗೆರೆಯಾಚೆ ಅಟ್ಟಿದರು. ಅಲ್ಲಿ ಕುಣಿತ ಮುಂದುವರಿದಿರುವಂತೆಯೇ, ಓಟ ಶುರುವಾದ ಜಾಗದಿಂದ ಡರ್ಬನ್‌ಗೆ ಫ್ರೀ ಕಿಕ್ ಸಿಕ್ಕಿತು. ಹಂಚಿನಮನಿಯವರಿಲ್ಲದ ಅಗಲವಾದ ಖಾಲಿ ಜಾಗದಲ್ಲಿ ಗೋವೆಂಡರ್ ಅವರು ಚೆಂಡನ್ನು ಸಾವಕಾಶವಾಗಿ ಒಳಗೆ ಕಳಿಸಿದರು. ಪಂದ್ಯ ಮುಗಿಯಿತು. ತುತ್ತೂರಿ ಊದಿತು.

ವಿಚಾರಿಸಲು ರೆಫ್ರಿಯ ಬಳಿ ಹೋದ ರಾಮಮೂರ್ತಿಯವರು ಬಹಳ ಹೊತ್ತಿನ ಮೇಲೆ ತಿರುಗಿ ಬಂದರು. "ಒಂದು ಸಣ್ಣ ತಾಂತ್ರಿಕ ತೊಂದರೆ ಇದೆ," ಎಂದರು. "ನಾವು ಸೋತಿದೀವಿ."

ನಿಯಮ ಏನೆಂದು ಅವರು ವಿವರಿಸಿದಾಗ ಡೊಳ್ಳು ನಿಂತಿತು. ಕಿರಣಕುಮಾರ ಮಾವನ ಕಡೆ ತಿರುಗಿದ.

"ಮಾವಾರ, ಮೊದ್ಲ ಯಾಕ ಹೇಳ್ಲಿಲ್ಲ?"

"ದಿನಾ ಹೇಳೀನಲ್ಲೋ! ಮನ್ಯಾಗ ಹೇಳೀನಿ, ಪೆಂಗ್ವಿನ್ ತೋರಿಸಿ ಹೇಳೀನಿ, ಮೈಕ್‌ನಾಗ ಹೇಳೀನಿ!"

ಕಿರಣಕುಮಾರ ಒಂದೊಂದೇ ನೆನಪು ಮಾಡಿಕೊಂಡ. ಅವನ ಮುಖ ಕೆಂಪಾಗುತ್ತ ಹೋಯಿತು. ಮೊದಲು ನಕ್ಕದ್ದು ಗ್ರಹಾಂಗೆ ಚಹಾ ಕೊಡುತ್ತಿದ್ದ ನೀಲಾಂಬಿಕಾ. ಆಮೇಲೆ ರಾಮಮೂರ್ತಿಯವರು, ಆಮೇಲೆ ಇಡೀ ಬಳಗ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿತು. ನಕ್ಕು ಮುಗಿದ ಮೇಲೆ ರಾಮಮೂರ್ತಿಯವರು ತಾವೂ ಈ ಆಟಕ್ಕೆ ಸೇರಬಹುದೇ ಎಂದು ಗ್ರಹಾಂರನ್ನು ಕೇಳಿದರು. ಧಾರಾಳವಾಗಿ ಎಂದರು ಗ್ರಹಾಂ. ಮಾನ ಉಳಿಸಿಕೊಳ್ಳಲು ಕಿರಣಕುಮಾರನೂ ಕೈ ಎತ್ತಿದ. ಗ್ರಹಾಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ವಯಸ್ಸೆಷ್ಟು?"

"ನಲವತ್ತೆಂಟು."

"ದೊಡ್ಡವನಾದ ಮೇಲೆ ಬಾ," ಎಂದರು ಗ್ರಹಾಂ.

ಇಷ್ಟೆಲ್ಲ ಆಗುವಾಗ ಬಸಕ್ಕ ಮಾತ್ರ ಕಾಣಲಿಲ್ಲ. ಹುಡುಕಿದರೆ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ತಲೆ ತುಂಬ ಸೆರಗು ಹೊದ್ದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಯಾರು ಕರೆದರೂ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಮೋಸ ಹೋದ ಸಿಟ್ಟು ಎಂದು ಎಲ್ಲರೂ ಅಂದುಕೊಂಡರು. "ನೀವ ಹೋಗ್ರಿ," ಎಂದು ಮಹಾಶ್ವೇತಾ ಗಂಡನನ್ನು ಬಸ್ಸಿಗೆ ಹತ್ತಿಸಿದರು. ಮಂಡಿಯ ಮೇಲೆ ಹುಲ್ಲಿನ ಹಸಿರು ಕಲೆ, ಅಂಗಿಯಲ್ಲಿ ಬಲೆಯ ಒಂದು ತುಣುಕು. ಹಂಚಿನಮನಿಯವರು ಮುಂದಿನ ಸೀಟಿನ ಅಂಚಿಗೆ ಕೂತರು.

"ಅತ್ತಿ, ತಪ್ಪಾತ್ರಿ. ಮೊದ್ಲ ಸರಿಯಾಗಿ ಹೇಳಬೇಕಿತ್ತು."

"ನಿಮ್ದೇನ್ರಿ ತಪ್ಪು? ತಪ್ಪು ನಂದು. ಮಂದ್ಯಾಗ ಹಂಗ ಒದರಬಾರದಿತ್ತು."

"ಎಲ್ಲಾರೂ ಒದರಿದ್ರು ಬಿಡ್ರಿ. ಓಡಿದಾವ ನಾನು."

"ಓಡೋದೇನ್ರಿ, ಯಾರರ ಓಡ್ತಾರ!" ಬಸಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡರು. "ಅಳಿಯನ ಹೆಸರ ಹಿಡದು ಕರಿಯೋದು? ಅದೂ 'ಓಡೋ' ಅಂತ? ನಮ್ಮ ಮನಿತನದಾಗ ಯಾರೂ ಹಿಂಗ ಮಾಡಿಲ್ಲ. ನಾಳೆ ಹುಬ್ಬಳ್ಳಿಗೆ ಹೆಂಗ ಮುಖಾ ತೋರಿಸ್ಲಿ?"

ಹಂಚಿನಮನಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಫುಟ್‌ಬಾಲು, ಸೌತ್ ಆಫ್ರಿಕಾ, ಫೌಲು, ಸೋಲು, ಯಾವುದೂ ಈ ಹೆಣ್ಣುಮಗಳ ಮನಸ್ಸಿನಲ್ಲಿರಲಿಲ್ಲ. ಅವರು ಸೀಟಿನ ಮೇಲಿನ ಹೊಲಿಗೆಯನ್ನು ಬೆರಳಿನಿಂದ ತೀಡುತ್ತ ಕೂತರು.

"ಅತ್ತಿ," ಎಂದರು ಕೊನೆಗೆ. "ಮನ್ಯಾಗ 'ರೀ' ಅಂತಾರ. ಆಫೀಸ್‌ನಾಗ 'ವಿರ್' ಅಂತಾರ. ಇಲ್ಲಿ 'ಪ್ಯಾಕ್ಸ್'. ಡಾಕ್ಟರ್ ಬಾಯಿ 'ಅಂಕಲ್' ಅಂತಾರ. ನಮ್ಮವ್ವ ಹೋದಮ್ಯಾಲೆ ನನ್ನ ಹಂಗ ಯಾರೂ ಕರದಿಲ್ರಿ. ನೀವು ಕರದಾಗ ಕಾಲು ತಾವ ಓಡಿದ್ವು. ನಾ ಏನ್ ಮಾಡ್ಲಿ?"

ಬಸಕ್ಕ ತಿರುಗಿ ನೋಡಿದರು. ಆಮೇಲೆ ಕೈ ಚಾಚಿ ಅವರ ಅಂಗಿಗೆ ಸಿಕ್ಕಿದ್ದ ಬಲೆಯ ತುಣುಕನ್ನು ಕಿತ್ತು ಕಿಟಕಿಯಿಂದ ಹೊರಗೆ ಹಾಕಿದರು.

"ಕಾಳು ತಿಂದು ಓಡೀರಿ. ಕೆಳಗ ಇಳೀರಿ, ಡಬ್ಬ್ಯಾಗ ಹೋಳಗಿ ತಂದೀನಿ."

ಹೋಳಿಗೆಯ ಡಬ್ಬಿಯ ಸುತ್ತ ಎರಡೂ ತಂಡ ಸೇರಿತು. ಬರುವ ವರ್ಷ ಡರ್ಬನ್‌ನಲ್ಲಿ ಟೂರ್ನಮೆಂಟ್, ಎಲ್ಲರೂ ಬರಬೇಕು, ಸಮುದ್ರದ ದಂಡೆ ಚೆನ್ನಾಗಿದೆ, ಒಳಗೆ ಹೋದರೆ ಆನೆ ಸಿಂಹ ತೋರಿಸುತ್ತೇನೆ ಎಂದು ಗೋವೆಂಡರ್ ಕರೆದರು. ಮಗಳ ಬಾಯಿಂದ ಅದನ್ನು ಕೇಳಿಸಿಕೊಂಡ ಬಸಕ್ಕ, ಸಿಂಹ ಇರಲಿ, ಅಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ ಎಂದು ವಿಚಾರಿಸಿದರು. ಮೆಕ್ಕೆಜೋಳದ ಹಿಟ್ಟು ಬೇಕಾದಷ್ಟಿದೆ ಎಂದರು ಗೋವೆಂಡರ್. "ಹೊಂದಿಸ್ಕೊಂಡ್ರಾತು," ಎಂದರು ಬಸಕ್ಕ, ಟಿಕೆಟ್ ಆಗಲೇ ಕೈಯಲ್ಲಿರುವವರಂತೆ.

ಭಾನುವಾರ ಮೂರನೆಯ ಸ್ಥಾನಕ್ಕೆ ಮೆಲ್ಬರ್ನ್‌ನ ತಂಡವೊಂದರ ಜೊತೆ ಪಂದ್ಯವಿತ್ತು. ಯಾರೂ ಕರೆಯದಿದ್ದರೂ ಬಳಗದ ಬಸ್ಸು ಬಂತು. ಬಸಕ್ಕ ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಗೋವೆಂಡರ್ ಅವರ ಹೆಂಡತಿಯ ಜೊತೆ ಭಾಷೆಯಿಲ್ಲದೆ ಮಾತಾಡುತ್ತ ಕೂತರು. ಮುಂಜಾನೆಯಿಂದ ಅವರು ಅಳಿಯನನ್ನು ಹೆಸರಿನಿಂದಲೂ ಕರೆದಿರಲಿಲ್ಲ, 'ಅಳಿಯಾರ' ಎಂದೂ ಅಂದಿರಲಿಲ್ಲ. ಚಹಾದ ಬಟ್ಟಲನ್ನು ಸುಮ್ಮನೆ ಮುಂದೆ ಸರಿಸಿದ್ದರು.

ಆಟದ ನಡುವೆ ಒಂದು ಚೆಂಡು ಬಂತು. ಹಂಚಿನಮನಿಯವರ ಹಿಮ್ಮಡಿ ಸ್ವಲ್ಪ ಮೇಲೆದ್ದಿತು.

"ಏ ವಿರುಪಾಕ್ಷಾ!" ಎಂದು ಗೆರೆಯಾಚೆಯಿಂದ ದನಿ ಬಂತು. "ಸಾವಕಾಶ ನಡಿಯೋ!"

ಹಂಚಿನಮನಿಯವರು ತಿರುಗಿ ನೋಡಿದರು. ಮುಖ ತುಂಬ ನಗು. ಹಾಗೆ ನೋಡುತ್ತ ನಿಂತಿರುವಾಗ ಚೆಂಡು ಅವರ ಎರಡು ಕಾಲುಗಳ ನಡುವಿನಿಂದ ಉರುಳಿಕೊಂಡು ಹೋಗಿ ಗೋಲಿನೊಳಗೆ ಸೇರಿತು. ಗ್ರಹಾಂ ಟೋಪಿ ಕಿತ್ತು ನೆಲಕ್ಕೆಸೆದು, ಅವರ ಕಡೆ ಕೈ ಬೀಸುತ್ತ, ಪ್ಲಂಬರುಗಳಿಗೆ ಮಾತ್ರ ಬರುವ ಇಂಗ್ಲಿಷಿನಲ್ಲಿ ಏನೇನೋ ಕೂಗತೊಡಗಿದರು.

ಬಸಕ್ಕ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆರೆ ದಾಟಿ ನೇರವಾಗಿ ಗ್ರಹಾಂ ಎದುರಿಗೆ ಹೋಗಿ ನಿಂತರು.

"ಏ ಯಪ್ಪಾ, ನಮ್ಮ ಹುಡುಗಗ ಯಾಕ ಬೈತಿ?"

ಗ್ರಹಾಂಗೆ ಒಂದು ಪದವೂ ತಿಳಿಯಲಿಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದು, "ಸಾರಿ" ಎಂದರು.